ಉಸಿರಿನ ಮುಯ್ಯಾಳು

ಶಾವಂತ್ರವ್ವನ ಎದೆಯೊಳಗಿನ ಶಿಳ್ಳೆ ಪೇಟೆಯ ಮಂದಿಗೆಲ್ಲ ಕೇಳಿಸುತ್ತಿತ್ತು. ಅವಳೊಬ್ಬಳಿಗೆ ಕೇಳಿಸುತ್ತಿರಲಿಲ್ಲ.

ಮೆಣಸಿನಕಾಯಿ ಅಂಗಳದಲ್ಲಿ ರಾಶಿಯ ಸುತ್ತ ಕುಳಿತು ತೊಟ್ಟು ಬಿಡಿಸುವ ಹೆಂಗಸರು, ಬೆಳಿಗ್ಗೆ ಅವಳು ಗೇಟು ದಾಟಿ ಬರುವಾಗ ತಲೆ ಎತ್ತದೆಯೇ "ಬಂತು ನೋಡ್ರವಾ ಕುಕ್ಕರು" ಎಂದು ನಗುತ್ತಿದ್ದರು. ಅವಳು ಸೆರಗಿನಿಂದ ಮೂಗು ಬಾಯಿ ಬಿಗಿದುಕೊಂಡು ಕೂರುತ್ತಿದ್ದಳು.

"ಯಾವ ದಮ್ಮು? ಘಾಟಿನಾಗ ಕುಂತ್ರ ಯಾರ ಎದಿ ಸುಮ್ಮಿರತೈತಿ? ನಿಮ್ಮದು ಸೀನತೈತಿ, ನಂದು ಊದತೈತಿ. ಅಷ್ಟ."

ಇದು ಅವಳು ಕಟ್ಟಿದ ಸುಳ್ಳಲ್ಲ. ಬೆಳಿಗ್ಗೆ ರಾಶಿಯ ಮುಂದೆ ಕೂತಾಗ ಕಣ್ಣು ಮೂಗು ಉರಿದು ನೀರಾಗುತ್ತವೆ. ಹೊತ್ತು ಏರಿದಂತೆ ಘಾಟು ಇದ್ದಲ್ಲೇ ಇದ್ದರೂ ಮೂಗು ಅದನ್ನು ಮರೆಯುತ್ತದೆ. ಎಷ್ಟೋ ವರ್ಷಗಳ ದಮ್ಮನ್ನು ಶಾವಂತ್ರವ್ವನ ಮೈ ಹಾಗೆಯೇ ಮರೆತುಬಿಟ್ಟಿತ್ತು. ಉಸಿರಿನ ಕೊಳವೆಗಳು ಅರ್ಧ ಮುಚ್ಚಿಕೊಂಡಾಗಲೂ ಅವಳಿಗೆ ಅನಿಸುತ್ತಿದ್ದದ್ದು ಬರೀ ದಣಿವು. ದಣಿವು ಯಾರಿಗಿಲ್ಲ?

ತೊಟ್ಟು ಬಿಡಿಸುವ ಯಂತ್ರ ಪೇಟೆಗೆ ಬಂದು ಬಹಳ ಕಾಲವಾಗಿತ್ತು. ಆದರೆ ಸುಕ್ಕುಗಟ್ಟಿದ ಉದ್ದನೆಯ ಒಳ್ಳೆ ಕಾಯಿ ಅದರ ಹಲ್ಲಿಗೆ ಸಿಕ್ಕು ಮುರಿದು ಬೀಜ ಚೆಲ್ಲುತ್ತಿತ್ತು. ಒಳ್ಳೆ ಮಾಲಿಗೆ ಈಗಲೂ ಹೆಂಗಸರ ಬೆರಳೇ ಬೇಕಿತ್ತು. ಹಾಗಾಗಿ ಹೆಂಗಸರೂ ಉಳಿದಿದ್ದರು, ಘಾಟೂ ಉಳಿದಿತ್ತು.

ಎರಡು ಸಲ ಅವಳು ರಾಶಿಯ ಮೇಲೆಯೇ ಬಿದ್ದಿದ್ದಳು. ಎರಡನೆಯ ಸಲ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು ಅವಳ ಗಂಡ ಗುಡ್ಡಪ್ಪನನ್ನು ಪಕ್ಕಕ್ಕೆ ಕರೆದು, ಬಾಯಿಯಿಂದ ಔಷಧ ಎಳೆಯುವ ಎರಡು ಪಂಪು ಕೊಟ್ಟು, ಕಂದು ಪಂಪು ದಿನಾಲೂ ಎಳೆಯಬೇಕು, ನೀಲಿ ಪಂಪು ದಮ್ಮು ಬಂದಾಗ ಮಾತ್ರ, ಇದನ್ನು ಬಿಟ್ಟರೆ ಮೂರನೆಯ ಸಲ ಇಲ್ಲಿಗೆ ತರುವ ಹೊತ್ತು ಸಿಗಲಿಕ್ಕಿಲ್ಲ ಎಂದಿದ್ದರು.

ಗುಡ್ಡಪ್ಪ ಕೋಲ್ಡ್ ಸ್ಟೋರೇಜಿನಲ್ಲಿ ವಾಚ್‌ಮನ್. ಮೊದಮೊದಲು ದಿನಾ ಹೇಳಿದ, ಬೈದ, ಒಮ್ಮೆ ಅತ್ತೂ ಅತ್ತ. ಕಂದು ಪಂಪು ಅಕ್ಕಿ ಡಬ್ಬಿಯ ಹಿಂದೆ ಧೂಳು ತಿನ್ನುತ್ತಲೇ ಇತ್ತು.

"ನಮ್ಮವ್ವಗ ಪಂಪು ಹಿಡಿಸಿದ್ರು" ಎನ್ನುತ್ತಿದ್ದಳು ಶಾವಂತ್ರವ್ವ. "ಹೋಳಿ ಹುಣ್ಣಿಮಿ ಕಾಣಲಿಲ್ಲ ಅಕಿ. ಪಂಪು ಅಂದ್ರ ಕೊನಿ ಔಷಧ. ನಾ ಆರಾಮ ಇದ್ದಾಗ ಅದನ್ಯಾಕ ಹಿಡೀಲಿ?"

"ಆರಾಮ ಇರಾಕ ಹಿಡೀಬೇಕು ಮಾರಾಯ್ತಿ."

"ನೀವು ಮಕ್ಕೋರಿ ಸುಮ್ನ."

ಗುಡ್ಡಪ್ಪ ಮಲಗುತ್ತಿದ್ದ, ನಿದ್ದೆ ಮಾಡುತ್ತಿರಲಿಲ್ಲ. ಆ ಶಿಳ್ಳೆಯನ್ನು ಕೇಳುತ್ತ ಬಿದ್ದುಕೊಂಡಿರುತ್ತಿದ್ದ. ಶಿಳ್ಳೆ ಕೇಳಿಸಿದರೆ ಭಯ, ಕೇಳಿಸದಿದ್ದರೆ ಇನ್ನೂ ಭಯ. ಬರಬರುತ್ತ ಹೇಳುವುದನ್ನು ಬಿಟ್ಟ. ಹೇಳಿ ಹೇಳಿ ಬಾಯಿ ಸವೆಯುತ್ತದೆ.

ಜಿಲ್ಲಾ ಊರಿನ ಶ್ವಾಸ ಕೇಂದ್ರದಲ್ಲಿ ಡಾ. ವೀಣಾ ಕುಂದಗೋಳ ಇಂಥ ಮಾತುಗಳನ್ನೇ ವರ್ಷಗಟ್ಟಲೆ ಕೇಳಿದ್ದರು. ಅವರು ಪುಪ್ಪುಸದ ಡಾಕ್ಟರಲ್ಲ, ಮನಸ್ಸಿನವರು. ಔಷಧ ಪುಕ್ಕಟೆ ಕೊಟ್ಟರೂ ದಮ್ಮಿನವರು ಯಾಕೆ ತೆಗೆದುಕೊಳ್ಳುವುದಿಲ್ಲ ಎಂಬುದು ಅವರ ಪ್ರಶ್ನೆ. ಮರೆತೆ ಎನ್ನುವವರು, ಮಂದಿ ಮುಂದೆ ನಾಚಿಕೆ ಎನ್ನುವವರು, ಚಟ ಹತ್ತುತ್ತದೆ ಎನ್ನುವವರು. ಎಲ್ಲದರ ಅಡಿಯಲ್ಲಿ ಒಂದು ಮಾತಿತ್ತು: ನನಗೇನೂ ಅನಿಸುತ್ತಿಲ್ಲ.

ಅನಿಸುವ ಹಾಗೆ ಮಾಡಿದರೆ?

ಹಾಗೆ ಹುಟ್ಟಿದ್ದು ಎದೆಪಟ್ಟಿ ಮತ್ತು ಕಿವಿಬಿಲ್ಲೆಯ ಜೋಡಿ. ಪಟ್ಟಿಯನ್ನು ಎದೆಯ ಮೇಲ್ಭಾಗದಲ್ಲಿ ಅಂಟಿಸಿದರೆ ಅದು ಉಸಿರಿನ ಕೊಳವೆ ಎಷ್ಟು ಬಿಗಿದಿದೆ ಎಂದು ಆಲಿಸಿ ಮೊಬೈಲ್ ಟವರಿನ ಮೂಲಕ ಬಿಲ್ಲೆಗೆ ತಿಳಿಸುತ್ತಿತ್ತು. ಕಿವಿಯ ಹಿಂದೆ ಅಂಟಿಸಿಕೊಳ್ಳುವ ಬಿಲ್ಲೆ ಹುಣಸೆ ಬೀಜದಷ್ಟು. ಅಲ್ಲಿ ಹಾಯುವ ನರವೊಂದನ್ನು ಅದು ಮೆಲ್ಲಗೆ ಮೀಟಿ, ಮರೆತುಹೋದ ಬಿಗಿತವನ್ನು ಮೆದುಳಿಗೆ ಮತ್ತೆ ತೋರಿಸುತ್ತಿತ್ತು. ಎಷ್ಟು ಜೋರಾಗಿ ತೋರಿಸಬೇಕು ಎಂಬುದನ್ನು ಕೇಂದ್ರದ ಕೋಣೆಯಲ್ಲಿ ಪರದೆಯ ಮುಂದೆ ಕೂತ ಮಾಲತೇಶ ಎಂಬ ತಂತ್ರಜ್ಞ ಏರಿಸಬಹುದಿತ್ತು, ಇಳಿಸಬಹುದಿತ್ತು.

ಪೇಟೆಯ ಹೆಂಗಸರಿಗೆ ಅದನ್ನು ಹಚ್ಚಿದವನೂ ಅವನೇ. ಹಚ್ಚಿಸಿಕೊಳ್ಳುತ್ತ ಶಾವಂತ್ರವ್ವ ಕೇಳಿದ್ದಳು: "ಘಾಟು ಕಡಿಮಿ ಮಾಡೂ ಬಿಲ್ಲಿ ಇಲ್ಲೇನೋ ತಮ್ಮಾ?"

ಮಾಲತೇಶ ನಕ್ಕು, "ಅದು ನಮ್ಮ ಇಲಾಖೆ ಅಲ್ಲ ದೊಡ್ಡವ್ವಾ" ಎಂದಿದ್ದ.

ಪರದೆಯ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಚುಕ್ಕೆ. ಪಂಪು ಎಳೆದದ್ದನ್ನೂ ಪಟ್ಟಿ ಆಲಿಸುತ್ತಿತ್ತು: ಔಷಧ ಅಳತೆಯಂತೆ ತೆಗೆದುಕೊಂಡರೆ ಹಸಿರು, ಬಿಟ್ಟರೆ ಅಥವಾ ಅತಿಯಾದರೆ ಕೆಂಪು. ಶಾವಂತ್ರವ್ವನದು ಕೆಂಪಾಗಿಯೇ ಉಳಿಯಿತು. ಬಿಲ್ಲೆಯಿಂದ ಏನೋ ಅನಿಸುತ್ತಿದ್ದದ್ದು ನಿಜ, ಆದರೆ ಕತ್ತು ಉಳುಕಿದರೆ ಅನಿಸುವಷ್ಟೇ. ನಿಯಮದ ಪ್ರಕಾರ ಅಂಥವರದನ್ನು ಏರಿಸಬೇಕು. ಮಾಲತೇಶ ಮೂರರಲ್ಲಿದ್ದದ್ದನ್ನು ಏಳಕ್ಕೆ ಒಯ್ದ.

ಅವತ್ತು ಶಾವಂತ್ರವ್ವನಿಗೆ ಬಾವಿಯಲ್ಲಿ ಮುಳುಗಿದ ಹಾಗಾಯಿತು. ಕೈಯಲ್ಲಿದ್ದ ಬುಟ್ಟಿ ಚೆಲ್ಲಿ, ಅಂಗಳದಿಂದ ಹೊರಗೋಡಿ, ಲಾರಿಗೆ ಆತು ನಿಂತಳು. ಮನೆಗೆ ಹೋದವಳೇ ಅಕ್ಕಿ ಡಬ್ಬಿ ಸರಿಸಿ ಕಂದು ಪಂಪು ಎಳೆದಳು. ಮರುದಿನವೂ ಎಳೆದಳು. ಕೇಂದ್ರದಲ್ಲಿ ಚುಕ್ಕೆ ಹಸಿರಾಯಿತು. "ನೋಡಿದ್ಯಾ?" ಎಂದರು ಡಾ. ವೀಣಾ, ತಾವೇ ನಂಬದವರ ಹಾಗೆ.

ಪರದೆಯಲ್ಲಿ ಕಾಣದ್ದು ಬೇರೆ ಇತ್ತು. ಶಾವಂತ್ರವ್ವನಿಗೆ ಉಣ್ಣಲಾಗುತ್ತಿರಲಿಲ್ಲ, ಯಾರಾದರೂ ಬೆನ್ನ ಹಿಂದೆ ಕೆಮ್ಮಿದರೆ ಬೆಚ್ಚುತ್ತಿದ್ದಳು. ಎಷ್ಟೋ ವರ್ಷ ಅವಳು ದುಡಿದದ್ದು ಮರೆವಿನ ಬಲದ ಮೇಲೆ. ಅದನ್ನು ಕಿತ್ತುಕೊಂಡು ಅವರು ಕೊಟ್ಟದ್ದು ದಿಗಿಲು.

ಒಂದು ಮಧ್ಯಾಹ್ನ ಬೇವಿನ ನೆರಳಲ್ಲಿ ರೊಟ್ಟಿ ಬಿಚ್ಚಿದವಳು ಬಿಲ್ಲೆಯನ್ನು ಕಿತ್ತು ಅಂಗೈಯಲ್ಲಿಟ್ಟುಕೊಂಡಳು.

"ಎಮ್ಮಿ ಕಿವಿಗೆ ಹಚ್ಚತೀನಿ ಇದನ್ನ. ಅದರ ಕೂಡ ಮಾತಾಡ್ಲಿ ಕೇಂದ್ರದಾವ್ರು."

ಎದುರಿಗೆ ಕೂತಿದ್ದವಳು ಇಮಾಂಬಿ. ಅದೇ ರಾಶಿ, ಅದೇ ದಮ್ಮು, ಆದರೆ ಅವಳ ಕಷ್ಟ ತಿರುಗುಮುರುಗು. ಎದೆ ಒಂದಿಷ್ಟು ಬಿಗಿದರೂ ಇವತ್ತೇ ತನ್ನ ಕೊನೆ ಎಂದುಕೊಳ್ಳುವವಳು ಅವಳು. ನೀಲಿ ಪಂಪನ್ನು ಕುಪ್ಪಸದೊಳಗೆ ಇಟ್ಟುಕೊಂಡು ಹೊತ್ತಿಗೊಮ್ಮೆ ಎಳೆಯುತ್ತಿದ್ದಳು, ಅದರಿಂದ ಕೈ ನಡುಗುತ್ತಿತ್ತು, ಎದೆ ಡವಗುಡುತ್ತಿತ್ತು, ಆ ಡವಡವಕ್ಕೆ ಹೆದರಿ ಮತ್ತೆ ಎಳೆಯುತ್ತಿದ್ದಳು. ಇದ್ದದ್ದನ್ನು ಇದ್ದಷ್ಟೇ ತೋರಿಸಿದರೆ ಹೆದರಿಕೆ ಇಳಿದೀತೆಂದು ಕೇಂದ್ರದವರು ಅವಳ ಬಿಲ್ಲೆಯನ್ನು ಒಂದಕ್ಕೆ ಇಟ್ಟಿದ್ದರು. ಇಳಿದಿರಲಿಲ್ಲ.

"ಕೊಡಿಲ್ಲೆ ಅಕ್ಕಾ" ಎಂದಳು ಇಮಾಂಬಿ. "ಇವತ್ತ ನಿನ್ನದು ನಾ ಹೊರತೀನಿ. ನನ್ನದು ನೀ ಹೊರು."

"ಇದೇನ್ ಕಳೆ ತಗಿಯೂದೇನ ಮುಯ್ಯಾಳು ಹಾಕಾಕ?"

"ಹಂಗಂತ ತಿಳ್ಕೋ. ನಿನ್ನ ಹೊಲದಾಗ ನಾ, ನನ್ನ ಹೊಲದಾಗ ನೀ. ನಿಂದು ನಿನಗ ದೊಡ್ಡದು, ನಂದು ನನಗ ದೊಡ್ಡದು. ಬದಲಿ ಮಾಡಿ ನೋಡೂಣು."

"ಸತ್ತಗಿತ್ತಿ ನೀ."

"ಸತ್ರ ನಿನ್ನ ದಮ್ಮಿನಿಂದ ಸತ್ತೆ ಅಂತ ಬರಸ್ತೀನಿ. ಕೊಡು."

ಪಟ್ಟಿಗಳು ಅವರವರ ಎದೆಯಲ್ಲೇ ಉಳಿದವು, ಬಿಲ್ಲೆಗಳು ಕಿವಿ ಬದಲಿಸಿದವು. ಆ ಸೀಮೆಯಲ್ಲಿ ಬಿತ್ತನೆಗೂ ಕಳೆಗೂ ಒಬ್ಬರ ಹೊಲಕ್ಕೆ ಒಬ್ಬರು ಆಳಾಗಿ ಹೋಗುವುದು ಹೊಸದಲ್ಲ. ಭಾರವಾದದ್ದನ್ನು ಬದಲಿಗೆ ಹೊರುವುದು ಅವರಿಗೆ ಗೊತ್ತಿದ್ದ ದಾರಿ. ಅದನ್ನು ಉಸಿರಿಗೂ ಹಚ್ಚಿ ನೋಡಿದರು.

ಆ ಸಂಜೆ ಗಾಳಿ ತಿರುಗಿ ಧೂಳೆದ್ದಿತು. ಶಾವಂತ್ರವ್ವ ಎಂದಿನಂತೆ ಏನೂ ಅರಿಯದೆ ಕಾಯಿ ಬಿಡಿಸುತ್ತಿದ್ದಳು. ಇಮಾಂಬಿ ನೀಲಿ ಪಂಪು ಹಿಡಿದು ಹೌಹಾರಿ ಎದ್ದು ಬಂದು ಅವಳ ಗದ್ದ ಹಿಡಿದಳು.

"ಬಾಯಿ ತಗಿ! ಬಾಯಿ ತಗಿ ಬೇ ನಮ್ಮವ್ವಾ! ಹೆಂಗ ಕುಂತೀಯವಾ ಇಂಥಾದನ್ನ ಎದ್ಯಾಗಿಟ್ಕೊಂಡು?"

ಅವಳ ಕಣ್ಣಲ್ಲಿದ್ದ ಗಾಬರಿಯನ್ನು ಕಂಡು ಶಾವಂತ್ರವ್ವ ಬಾಯಿ ತೆರೆದಳು. ತನಗಾಗಿ ಅಲ್ಲ, ಆ ಹೆಂಗಸನ್ನು ಸುಮ್ಮನಾಗಿಸಲು.

ಇನ್ನೊಂದು ಮಗ್ಗುಲೂ ಹಾಗೆಯೇ ಕೂಡಿಬಂತು. ಇಮಾಂಬಿಯ ಉಸಿರು ಬಿಗಿದಾಗ ಶಾವಂತ್ರವ್ವನ ಕಿವಿಯ ಹಿಂದೆ ಜೇಡ ನಡೆದ ಹಾಗೆ ಆಗುತ್ತಿತ್ತು, ಎದೆಯ ಮೇಲೆ ಒದ್ದೆ ಬಟ್ಟೆ ಹಾಸಿದ ಹಾಗೆ. ಮೊದಲ ಸಲ ಅವಳಿಗೆ ನಗು ಬಂತು. ಇಷ್ಟಕ್ಕೇನಾ ಇವಳು ಸಾಯುವುದು? ಎದ್ದು ಹೋಗಿ ಇಮಾಂಬಿಯ ಬೆನ್ನ ಮೇಲೆ ಅಂಗೈ ಇಟ್ಟಳು. "ಕುಂದ್ರು. ಭಾಳಿಲ್ಲ ಇದು, ನನಗ ಗೊತ್ತಾಗತೈತಿ. ಒಂದು ಸಲ ಎಳಿ, ಸಾಕು. ಪಂಪು ಇಲ್ಲೆ ಕೊಡು, ನನ್ನ ಕಡೆ ಇರ್ಲಿ." ತನ್ನ ಉಸಿರನ್ನೇ ಹೊತ್ತವಳು 'ಭಾಳಿಲ್ಲ' ಎಂದರೆ ಇಮಾಂಬಿ ನಂಬುತ್ತಿದ್ದಳು. ಡಾಕ್ಟರು ಹೇಳಿದಾಗ ನಂಬಿರಲಿಲ್ಲ.

ಒಂದು ದಿನದ ಮಾತು ವಾರವಾಯಿತು, ವಾರ ತಿಂಗಳಾಯಿತು. ಬೆಳಿಗ್ಗೆ ಇಮಾಂಬಿ ಶಾವಂತ್ರವ್ವನ ಬಾಗಿಲಿಗೆ ಬಂದು ಕಂದು ಪಂಪು ಎಳೆಸಿಯೇ ಪೇಟೆಗೆ ಕರೆದೊಯ್ಯುತ್ತಿದ್ದಳು. ಹೆಂಗಸರು ಇಬ್ಬರನ್ನೂ "ಜೋಡೆತ್ತು" ಎನ್ನತೊಡಗಿದರು. ಗುಡ್ಡಪ್ಪನಿಗೆ ನಿದ್ದೆ ಬರತೊಡಗಿತು. ಆ ನಿದ್ದೆ ಯಾರ ಕಣ್ಣಿನಿಂದ ಬಂದದ್ದೆಂದು ಅವನು ಕೇಳಲಿಲ್ಲ.

ಎರಡು ಚುಕ್ಕೆಗಳೂ ಹಸಿರಾದದ್ದನ್ನು ಕಂಡು ಡಾ. ವೀಣಾ ವರದಿ ಬರೆಯಲು ಶುರುಮಾಡಿದ್ದರು: ಏಳನೆಯ ಮಟ್ಟ ಫಲ ಕೊಡುತ್ತದೆ, ದಿಗಿಲು ಹುಟ್ಟಿಸಿದರೆ ರೋಗಿಗಳು ಔಷಧ ತೆಗೆದುಕೊಳ್ಳುತ್ತಾರೆ. ಅಷ್ಟರಲ್ಲಿ ಪಟ್ಟಿ ಬದಲಿಸಲು ಪೇಟೆಗೆ ಹೋಗಿದ್ದ ಮಾಲತೇಶ ಮುಖ ಸಣ್ಣದು ಮಾಡಿಕೊಂಡು ಬಂದ.

"ಮೇಡಂ, ಬಿಲ್ಲೆಗಳು ಅದಲುಬದಲಾಗ್ಯಾವ. ಬೇಕಂತ ಮಾಡ್ಯಾರ. ತಿಂಗಳ ಮ್ಯಾಲಾತಂತ."

ಡಾ. ವೀಣಾ ಪರದೆಯತ್ತ ತಿರುಗಿದರು. "ಹಂಗಾದ್ರ ನಾವು ಏಳಕ್ಕ ಏರ್ಸಿದ್ದು ಯಾರಿಗೆ?"

"ಇಮಾಂಬಿಗೆ. ಹೆದರೂ ಹೆಂಗಸಿಗೆ."

ಬರೆದದ್ದನ್ನು ಅವರು ಅಳಿಸಿದರು. ಸಿಟ್ಟು ಬರಲಿಲ್ಲ. ಇಷ್ಟು ವರ್ಷ ಬೆನ್ನುಹತ್ತಿದ ಪ್ರಶ್ನೆಗೆ ಉತ್ತರ ತಮ್ಮ ಕೋಣೆಯಲ್ಲಿ ಹುಟ್ಟಲಿಲ್ಲವಲ್ಲ ಎಂದು ಆಯಾಸವಾಯಿತು. ಅದರ ಹಿಂದೆಯೇ ಆಸೆಯೂ ಬಂತು. ಎಲ್ಲರಿಗೂ ಹೀಗೆ ಜೋಡಿ ಕಟ್ಟಿಬಿಟ್ಟರೆ?

ಮರುದಿನ ಅವರೇ ಪೇಟೆಗೆ ಬಂದರು. ಮೂಗಿಗೆ ಕರವಸ್ತ್ರ ಹಿಡಿದು, ಸೀನಿ ಸೀನಿ, ಬೇವಿನ ನೆರಳಲ್ಲಿ ಇಬ್ಬರ ಮುಂದೆ ಕೂತರು.

"ನೀವು ತಪ್ಪು ಮಾಡಿಲ್ಲ. ನಾವೇ ಇದನ್ನ ಮೊದಲು ಯೋಚಿಸಬೇಕಿತ್ತು" ಎಂದರು. "ಈಗ ಇದನ್ನ ಕಾಯಂ ಮಾಡೋಣು. ಇಮಾಂಬಿ, ನೀವು ಶಾವಂತ್ರವ್ವನ ಬಿಲ್ಲೆ ಹಚ್ಚಿಕೊಂಡೇ ಇರ್ರಿ. ಊರು ಬಿಟ್ಟು ಎಲ್ಲೇ ಹೋದ್ರೂ ಅದು ಕೆಲಸ ಮಾಡತದ."

ಶಾವಂತ್ರವ್ವ ತಲೆಯಾಡಿಸಿದಳು. ಇಮಾಂಬಿ ಆಡಿಸಲಿಲ್ಲ. ಎಲೆಯಡಿಕೆಯ ಚೀಲದ ದಾರವನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದಳು.

"ಕಾಯಂ ಅಂದ್ರ ಎಲ್ಲಿತನಕರಿ ಬಾಯಾರ?"

"ಆಗೋ ತನಕ."

"ಮುಯ್ಯಾಳು ಅಂದ್ರ ಕೆಲಸ ಮುಗದ ಮ್ಯಾಲೆ ಮನಿಗೆ ಹೋಗ್ತಾರ್ರಿ. ಇದು ಮುಗಿಯೂ ಕೆಲಸಲ್ಲ." ಅವಳು ಶಾವಂತ್ರವ್ವನ ಮುಖ ನೋಡದೆ ಹೇಳಿದಳು. "ನಾಕ್ ದಿನದಾಗ ರಾಣೆಬೆನ್ನೂರಿಗೆ ಹೊಂಟೀನಿ, ಮಗಳ ಬಾಣಂತನಕ್ಕ. ಅಲ್ಲೆ ಕೂಸಿನ್ನ ಎತ್ತಿಕೊಂಡಾಗ ಇಕಿ ಎದಿ ಹಿಡೀತಂದ್ರ ನಾ ಏನ್ ಮಾಡ್ಲಿ? ಓಡಿ ಬರ್ಲಾ? ಇಕಿ ಉಸಿರು ಹೊತ್ತಾಗಿಂದ ನನಗ ನೆಟ್ಟಗ ನಿದ್ದಿಲ್ಲರಿ. ದಣಿದೀನಿ. ಬ್ಯಾಡ್ರಿ ನನಗ."

ದೂರದಲ್ಲಿ ಹಮಾಲರು ಚೀಲ ಎತ್ತುವ ಸದ್ದು ಕೇಳುತ್ತಿತ್ತು.

"ಮತ್ತ ಮೊದಲ ಹೇಳಬಾರದಿತ್ತೇನ?" ಎಂದಳು ಶಾವಂತ್ರವ್ವ ಕೊನೆಗೆ.

"ಹೇಳಿದ್ರ ನೀ ಪಂಪು ಬಿಡ್ತಿದ್ದಿ."



"ಬೇರೆ ಯಾರನ್ನಾದ್ರೂ ಜೋಡಿ ಹಾಕಿಕೊಡ್ತೀವಿ" ಎಂದರು ಡಾ. ವೀಣಾ, ಮೆತ್ತಗೆ.

"ಬ್ಯಾಡ್ರಿ." ಶಾವಂತ್ರವ್ವ ತನ್ನ ಕಿವಿಯ ಹಿಂದಿನ ಬಿಲ್ಲೆ ಕಿತ್ತು ಇಮಾಂಬಿಯ ಮುಂದಿಟ್ಟಳು. "ಒಬ್ಬಾಕಿ ನಿದ್ದಿ ತಿಂದದ್ದು ಸಾಕು."

ಎದ್ದು ಹೋಗಿ ರಾಶಿಯ ಮುಂದೆ ಕೂತಳು. ಅವತ್ತಿಡೀ ಇಮಾಂಬಿಯ ಕೂಡ ಮಾತಾಡಲಿಲ್ಲ. ಆದರೆ ಅವಳು ಊರಿಗೆ ಹೊರಟ ದಿನ ಬಸ್‌ಸ್ಟ್ಯಾಂಡಿಗೆ ಬಂದು ಬಾಣಂತಿಗೆಂದು ಒಣಕೊಬ್ಬರಿಯ ಗಂಟು ಕೊಟ್ಟಳು. "ನೀಲಿ ಪಂಪು ಹೊತ್ತಿಗೊಮ್ಮೆ ಎಳೀಬ್ಯಾಡ. ನಾ ಇಲ್ಲ ಅಲ್ಲೆ, ನೆಪ್ಪಿರ್ಲಿ" ಎಂದಳು.

"ನೀ ಕಂದು ಬಿಡಬ್ಯಾಡ."

"ಹೋಗು ಹೋಗು, ಬಸ್ ಹೊಂಟೈತಿ."

ಇಮಾಂಬಿ ಮರಳಿಸಿದ ಶಾವಂತ್ರವ್ವನ ಬಿಲ್ಲೆಯನ್ನು ಕೇಂದ್ರದಲ್ಲಿ ಡಾ. ವೀಣಾ ಏಳರಿಂದ ಮೂರಕ್ಕೆ ಇಳಿಸಿದರು, ಶಾವಂತ್ರವ್ವ ಅದನ್ನು ಮತ್ತೆ ತನ್ನ ಕಿವಿಯ ಹಿಂದೆ ಹಚ್ಚಿಕೊಂಡಳು. ಚುಕ್ಕೆ ಮತ್ತೆ ಕೆಂಪಾಯಿತು. ಮಾಲತೇಶ ಅವರ ಮುಖ ನೋಡಿದ. ನಿಯಮದ ಪ್ರಕಾರ ಏರಿಸಬೇಕು.

"ಬ್ಯಾಡ" ಎಂದರು.

"ಏನರ ಆತಂದ್ರ ಮೇಡಂ?"

ಅವರು ಕನ್ನಡಕ ತೆಗೆದು ಕಣ್ಣು ತಿಕ್ಕಿಕೊಂಡರು. "ಆತಂದ್ರ ನನ್ನ ತಲಿ ಮ್ಯಾಲೆ. ಒಮ್ಮೆ ದಿಗಿಲು ಕೊಟ್ಟು ನೋಡೀವಿ. ಅದನ್ನ ಮತ್ತೊಬ್ಬಾಕಿ ತಲಿಗೆ ದಾಟಿಸಿ ಹೆಂಗೋ ಬದುಕಿದಳು. ಈ ಸಲ ದಾಟಿಸಾಕ ಯಾರೂ ಇಲ್ಲ."

ಮನೆಯಲ್ಲಿ ಕಂದು ಪಂಪು ಅಕ್ಕಿ ಡಬ್ಬಿಯ ಹಿಂದಕ್ಕೆ ಹೋಗಲಿಲ್ಲ, ಆದರೆ ಕೈಗೂ ಬರಲಿಲ್ಲ. ಒಲೆಯ ಪಕ್ಕದ ಗೋಡೆಯ ಮಾಡದಲ್ಲಿ ಕೂತಿತ್ತು. ಬೆಳಿಗ್ಗೆ ಶಾವಂತ್ರವ್ವ ಅದನ್ನು ನೋಡುವಳು. ಹೆದರಿಕೆ ಈಗ ಇರಲಿಲ್ಲ. ಅವ್ವನ ನೆನಪೂ ಅಷ್ಟಾಗಿ ಅಡ್ಡ ಬರುತ್ತಿರಲಿಲ್ಲ. ಇವತ್ತು ಎಳೆದರೆ ನಾಳೆಯೂ ಎಳೆಯಬೇಕು, ನಾಳಿದ್ದೂ, ಸಾಯುವ ತನಕ. ಬಾಗಿಲಲ್ಲಿ ನಿಂತು ಕರೆಯುವವರಿಲ್ಲದೆ, ಯಾರ ಗಾಬರಿಗಾಗಿಯೂ ಅಲ್ಲದೆ. ಅಷ್ಟುದ್ದದ ಕೆಲಸ ನೆನೆದರೇ ಕೈ ಸೋಲುತ್ತಿತ್ತು. ಹಾಗೇ ಪೇಟೆಗೆ ಹೋಗುತ್ತಿದ್ದಳು. ಗುಡ್ಡಪ್ಪ ಮಾಡದತ್ತ ನೋಡಿ, ಅವಳತ್ತ ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದ. ಅವನ ನಿದ್ದೆ ಮತ್ತೆ ಹಾರಿತ್ತು.

ಹೊಸ ಮಾಲು ಬಂದ ದಿನ ಪೇಟೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಚೀಲ ಸುರಿದಂತೆಲ್ಲ ಕೆಂಪು ಧೂಳು ಮೇಲೆದ್ದು ಸೂರಿನ ತಗಡಿಗೆ ಮುಟ್ಟುತ್ತಿತ್ತು. ಎಲ್ಲರೂ ಸೀನುತ್ತಿದ್ದರು, ಬೈಯುತ್ತಿದ್ದರು.

ಬಿಸಿಲು ಏರುವ ಹೊತ್ತಿಗೆ ಶಾವಂತ್ರವ್ವನ ಕಿವಿಯ ಹಿಂದೆ ಜೇಡ ನಡೆದ ಹಾಗಾಯಿತು. ಎದೆಯ ಮೇಲೆ ಒದ್ದೆ ಬಟ್ಟೆ ಬಿತ್ತು. ಬಟ್ಟೆ ಭಾರವಾಗುತ್ತ ಹೋಯಿತು, ಯಾರೋ ಅದರ ಮೇಲೆ ಕಲ್ಲು ಹೇರಿದ ಹಾಗೆ.

ಅವಳು ಕೈಯಲ್ಲಿದ್ದ ಕಾಯಿ ಬಿಟ್ಟು ಎದ್ದಳು. ಸೊಂಟದ ಚೀಲದಿಂದ ನೀಲಿ ಪಂಪು ತೆಗೆದುಕೊಂಡಳು. ರಾಶಿ ಸುತ್ತಿ ಆಚೆ ಮಗ್ಗುಲಿಗೆ ಹೋದಳು. ಅಲ್ಲಿ ಬೇರೆ ಯಾರೋ ಹೆಂಗಸು ಕೂತಿದ್ದಳು.

"ಇಮಾಂಬಿ ಎಲ್ಲಿ?"

"ಯಾಕ ಶಾವಂತ್ರಕ್ಕಾ?"

"ಅಕಿಗೆ ದಮ್ಮು ಬಂದೈತಿ. ಈ ಸಲ ಭಾಳ ಐತಿ. ಎಲ್ಲಿ ಹೋದ್ಲು?" ಒಂದೊಂದು ಮಾತಿಗೂ ಅವಳು ನಿಲ್ಲುತ್ತಿದ್ದಳು. ಕಣ್ಣು ಅಂಗಳದಲ್ಲೆಲ್ಲ ಹುಡುಕುತ್ತಿತ್ತು. "ಎಲ್ಲೆರ ಬಿದ್ದಾಳ ನೋಡ್ರವಾ..."

ಹೆಂಗಸರ ಕೈ ನಿಂತವು. ಯಾರೂ ಕುಕ್ಕರು ಎನ್ನಲಿಲ್ಲ. ಅವಳ ಎದೆಯಿಂದ ಬರುತ್ತಿದ್ದ ಶಿಳ್ಳೆ ಸಣ್ಣದಾಗಿ, ಇನ್ನೂ ಸಣ್ಣದಾಗಿ, ದಾರದ ಹಾಗೆ ಕೇಳುತ್ತಿತ್ತು.

"ಅಕ್ಕಾ" ಎಂದಳು ಕೂತಿದ್ದವಳು ಮೆಲ್ಲಗೆ. "ಇಮಾಂಬಿ ರಾಣೆಬೆನ್ನೂರಾಗ ಅದಾಳ. ಇಲ್ಲಿಲ್ಲ."

ಶಾವಂತ್ರವ್ವ ನಿಂತಲ್ಲೇ ನಿಂತಳು. ಕಿವಿಯ ಹಿಂದೆ ಕೈ ಹೋಯಿತು. ಬಿಲ್ಲೆ ಅಲ್ಲಿಯೇ ಇತ್ತು, ತನ್ನದೇ ಬಿಲ್ಲೆ. ಹಾಗಾದರೆ ಈ ಕಲ್ಲು ಬಿದ್ದದ್ದು ಯಾರ ಎದೆಯ ಮೇಲೆ?

ಕೇಂದ್ರದ ಪರದೆಯಲ್ಲಿ ಒಂದು ಚುಕ್ಕೆ ಮಿಣುಕತೊಡಗಿತ್ತು. ಮಾಲತೇಶನ ಕೈ ತಾನಾಗಿಯೇ ಮುಂದೆ ಹೋಯಿತು. ಏಳಕ್ಕೆ ಏರಿಸಿದರೆ ಅವಳು ಹೆದರಿ ಎಳೆದಾಳು. ಡಾ. ವೀಣಾ ಪೇಟೆಯ ಆಂಬುಲೆನ್ಸಿಗೆ ಫೋನು ಹಚ್ಚುತ್ತಲೇ ಇನ್ನೊಂದು ಕೈಯಿಂದ ಅವನ ಮಣಿಕಟ್ಟು ಹಿಡಿದರು. ಇಬ್ಬರೂ ಚುಕ್ಕೆಯನ್ನು ನೋಡುತ್ತ ನಿಂತರು.

ಅಂಗಳದಲ್ಲಿ ಶಾವಂತ್ರವ್ವ ಗೋಡೆಗೆ ಒರಗಿ ಕುಸಿದಳು. ಎದೆಯ ಮೇಲೆ ತನ್ನದೇ ಅಂಗೈ ಇಟ್ಟಳು, ಬೇರೆಯವರ ಎದೆಯ ಮೇಲೆ ಇಟ್ಟ ಹಾಗೆ. ಅದರೊಳಗಿನದು ಬಲೆಗೆ ಸಿಕ್ಕ ಗುಬ್ಬಿಯಂತೆ ಬಡಿದುಕೊಳ್ಳುತ್ತಿತ್ತು. ಪಾಪ, ಎನಿಸಿತು ಅವಳಿಗೆ. ಇಷ್ಟು ವರ್ಷ ಇದು ಒಂಟಿಯಾಗಿಯೇ ಬಡಿದುಕೊಂಡಿತೇ?

"ಕುಂದ್ರು" ಎಂದಳು ಯಾರಿಗೋ. "ಕುಂದ್ರು ಬೇ. ನಾ ಅದೀನಿ."

ಪಂಪಿನ ಮುಚ್ಚಳ ತೆಗೆದು, ಕುಲುಕಿ, ಎಳೆದಳು. ಉಸಿರು ಹಿಡಿದಳು, ಬಿಟ್ಟಳು. ಮತ್ತೆ ಎಳೆದಳು. ಯಾರೋ ನೀರು ತಂದರು, ಯಾರೋ ಸೆರಗಿನಿಂದ ಗಾಳಿ ಹಾಕಿದರು. ಗೇಟಿನ ಹೊರಗೆ ಆಂಬುಲೆನ್ಸು ಬಂದು ನಿಲ್ಲುವ ಹೊತ್ತಿಗೆ ಕಲ್ಲು ಅರ್ಧ ಇಳಿದಿತ್ತು. ಆದರೂ ಅವಳು ಬೇಡ ಎನ್ನದೆ ಹತ್ತಿದಳು.

ಮರುದಿನ ಮಧ್ಯಾಹ್ನ ಗುಡ್ಡಪ್ಪ ಅವಳನ್ನು ಮನೆಗೆ ಕರೆತಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟವಳು ನೇರ ಒಲೆಯ ಕಡೆ ಹೋಗಿ ಮಾಡದಿಂದ ಕಂದು ಪಂಪು ತೆಗೆದಳು. ಅವನು ಕಟ್ಟೆಯ ಮೇಲೆ ಕೂತು ನೋಡಿದ. ಎಳೆದು, ಬಾಯಿ ಮುಕ್ಕಳಿಸಿ, ಸೆರಗಿನಿಂದ ತುಟಿ ಒರೆಸಿಕೊಂಡು ಅವಳೂ ಬಂದು ಕೂತಳು.

"ಅಂಜಿಕಿ ಬಂತಾ?" ಎಂದು ಕೇಳಿದ.

"ಇಲ್ಲ. ಬ್ಯಾಸರ ಬಂತು."

"ಮತ್ತ?"

"ಮತ್ತೇನ್ರಿ. ಎಮ್ಮಿ ಹಿಂಡೂದಕ್ಕ ಬ್ಯಾಸರ ಬಂತಂತ ಬಿಡ್ತೀವೇನ, ಕೆಚ್ಚಲ ಬಿಗದು ಒದರಾಡತೈತಿ ಅದು." ಎದೆಯ ಮೇಲೆ ಒಮ್ಮೆ ಕೈಯಾಡಿಸಿದಳು. "ಇದೂ ಒದರತಿತ್ತಂತ. ನನಗ ಕೇಳಿದ್ದಿಲ್ಲ."

ಗುಡ್ಡಪ್ಪ ತಲೆ ತಗ್ಗಿಸಿದ. ಸ್ವಲ್ಪ ಹೊತ್ತಿಗೆ ಅವನ ಗದ್ದ ಎದೆಗೆ ತಾಗಿತು, ಕೂತಲ್ಲೇ ನಿದ್ದೆ ಹತ್ತಿತ್ತು. ಅವಳು ಎಬ್ಬಿಸಲಿಲ್ಲ. ಅವನ ಉಸಿರು ಬಂದು ಹೋಗುವುದನ್ನು ಕೇಳುತ್ತ, ಅದರ ಕೆಳಗೆ ತನ್ನದನ್ನೂ ಕೇಳುತ್ತ, ಬಿಸಿಲು ಕಟ್ಟೆಯಿಂದ ಇಳಿಯುವ ತನಕ ಕೂತಿದ್ದಳು.